ಊರೆಲ್ಲ ಸೀನಿಗೆ ಕಾದ ದಿನ

ಹುಲಗಟ್ಟಿಯ ಜನರಿಗೆ ಆ ವರ್ಷ ಯಾರನ್ನೂ ಏನನ್ನೂ ಕೇಳುವ ಅಗತ್ಯ ಇರಲಿಲ್ಲ. ಆದರೂ ಕೇಳುತ್ತಿದ್ದರು. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ನಳಕ್ಕೆ ನೀರು ಬಂದಿದೆಯೆ, ಗದಗಿನ ಬಸ್ಸು ಹೋಯಿತೆ, ಹೂಗಾರರ ಎರಡನೇ ಮಗಳ ಲಗ್ನ ನಿಕ್ಕಿಯಾಯಿತೆ, ಇವೆಲ್ಲ ಕೂತಲ್ಲೇ ಗೊತ್ತಾಗುತ್ತಿದ್ದವು. ಪ್ರತಿಯೊಬ್ಬರ ಬಲಗಿವಿಯ ಹಿಂದೆ ಜೋಳದ ಕಾಳಿನಷ್ಟು ದೊಡ್ಡ ಉಪಕರಣವೊಂದು ಚರ್ಮದೊಳಗೆ ಕೂತಿತ್ತು. ಊರವರು ಅದನ್ನು ಕಾಳು ಎಂದೇ ಕರೆಯುತ್ತಿದ್ದರು. ಎಲ್ಲ ಕಾಳುಗಳೂ ಗುಡ್ಡದ ಮೇಲೆ ಗಾಳಿಯಂತ್ರಗಳ ನಡುವೆ ಇದ್ದ ಒಂದು ಕೋಣೆಯ ಪೆಟ್ಟಿಗೆಯೊಂದಿಗೆ ಮಾತಾಡುತ್ತಿದ್ದವು. ಊರಿನ ಸಮಸ್ತ ಸಂಗತಿ ಆ ಪೆಟ್ಟಿಗೆಯಲ್ಲಿತ್ತು. ಯಾರಿಗೆ ಏನು ಬೇಕೋ ಅದು ಪೆಟ್ಟಿಗೆಯಿಂದ ನೇರ ತಲೆಗೆ ಬರುತ್ತಿತ್ತು.

ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವಳು ಸರ್ವಮಂಗಳಾ ಹೊಸಮನಿ. ಮೂವತ್ತೈದು ದಾಟಿದ ಇಂಜಿನಿಯರು, ಅದೇ ಊರಿನವಳು. ಬೆಳಿಗ್ಗೆ ಗುಡ್ಡ ಹತ್ತುವಳು, ಸಂಜೆ ಇಳಿಯುವಳು. ಮನೆಯಲ್ಲಿ ತಾಯಿ ಶಾಂತವ್ವ ಒಬ್ಬಳೇ. ಮಗಳು ಊರೆಲ್ಲರ ತಲೆಯನ್ನು ಸಂಭಾಳಿಸುತ್ತಾಳೆ ಎಂಬ ಹೆಮ್ಮೆ ಶಾಂತವ್ವನಿಗೆ ಇತ್ತು. ತಲೆಗೆ ಎಣ್ಣೆ ಮಾತ್ರ ಹಚ್ಚಿಕೊಳ್ಳುವುದಿಲ್ಲ ಎಂಬ ಬೇಜಾರೂ ಇತ್ತು.

ಪೆಟ್ಟಿಗೆಗೆ ಒಂದೇ ನೇಮ. ಯಾವ ಕಾರ್ಯಕ್ಕೂ ಒಂದು ಶುರು, ಒಂದು ಕೊನೆ ಇರಬೇಕು. ಕೊನೆ ಮುಟ್ಟಿದರೆ ಪೂರ್ತಿ ಆದಂತೆ. ನಡುವೆ ಕೈಬಿಟ್ಟರೆ ಆಗಲೇ ಇಲ್ಲದಂತೆ, ಶುರುವಿನ ತನಕ ಸುತ್ತಿ ಎಲ್ಲರ ತಲೆಯಿಂದಲೂ ತೆಗೆದುಹಾಕುತ್ತಿತ್ತು. ಇಲ್ಲಿಯ ತನಕ ತೊಂದರೆ ಇಲ್ಲ. ತೊಂದರೆ ಇದ್ದದ್ದು ನಡುವಿನ ಹೊತ್ತಿನದು. ಒಬ್ಬನ ಅರ್ಧಂಬರ್ಧ ಕಾರ್ಯ ಇನ್ನೊಬ್ಬನಿಗೆ ಎಷ್ಟು ಕಾಣಬೇಕು? ಅದನ್ನು ತೀರ್ಮಾನಿಸಲು ಪೆಟ್ಟಿಗೆಯ ಎಡಮಗ್ಗುಲಿಗೆ ರೇಡಿಯೋದ ಕಿವಿಯಂಥ ಒಂದು ತಿರುಗಣೆ, ಅದಕ್ಕೆ ನಾಲ್ಕು ಮಟ್ಟ.

ಮೊದಲು ಒಂದನೇ ಮಟ್ಟದಲ್ಲಿ ಇಟ್ಟರು. ಪೆಟ್ಟಿಗೆಗೆ ಶ್ರಮ ಕಡಿಮೆ ಎಂದು. ಆ ಮಟ್ಟದಲ್ಲಿ ಯಾರು ಏನು ಶುರು ಮಾಡಿದರೂ ಅದು ಆಗಿಯೇ ಹೋದಂತೆ ಎಲ್ಲರಿಗೂ ಕಾಣುತ್ತಿತ್ತು. ಒಂದು ಮಧ್ಯಾಹ್ನ ಸರ್ವಮಂಗಳಾಳ ಸೋದರಮಾವ ಅಡಿವೆಪ್ಪ ಕಟ್ಟೆಯ ಮೇಲೆ ಕೂತವನು ಹಾಗೇ ವಾಲಿದ. ಡಾಕ್ಟರು ಬಂದು ನಾಡಿ ಹಿಡಿದರು. ನಾಡಿ ಸಿಗಲಿಲ್ಲ. ಹೋದನೇನೋ ಎಂದು ಒಂದು ಕ್ಷಣ ಅಂದುಕೊಂಡು, ಆಮೇಲೆ ತಾವು ಹಿಡಿದದ್ದು ಕೈಗಡಿಯಾರದ ಪಟ್ಟಿಯನ್ನು ಎಂದು ಗೊತ್ತಾಗಿ ಸರಿಯಾಗಿ ಹಿಡಿದರು. ಆ ಒಂದು ಕ್ಷಣ ಸಾಕಾಗಿತ್ತು. ಭಜನೆಯವರು ತಾಳ ಸಮೇತ ಬಂದರು. ಹೆಣ ಕೂಡಿಸುವ ವಿಮಾನಕ್ಕೆ ಬಿದಿರು ಕಡಿದಾಗಿತ್ತು. ಕೊರಳಿಗೆ ಮಾಲೆ ಬಿದ್ದಾಗ ಅಡಿವೆಪ್ಪ ಕಣ್ಣು ಬಿಟ್ಟು ನೋಡಿದ.

"ಬಾಡಿದ ಚೆಂಡು ಹೂವು ತಂದೀರಲ್ಲಲೇ," ಎಂದ. "ಇಷ್ಟ ಏನು ನನ್ನ ಕಿಮ್ಮತ್ತು?"

ಡಾಕ್ಟರು ರಕ್ತದಲ್ಲಿ ಸಕ್ಕರೆ ಏರುಪೇರಾಗಿದೆ, ಇನ್ನು ಸಿಹಿಯ ಸಹವಾಸ ಬೇಡ ಎಂದು ಹೇಳಿ ಬೇಗ ಬೇಗ ಹೊರಟರು. ಕಟ್ಟಿದ ವಿಮಾನವನ್ನು ಬಿಚ್ಚಿ ಸೌತೆ ಬಳ್ಳಿಗೆ ಚಪ್ಪರ ಹಾಕಿದರು. ಅಡಿವೆಪ್ಪ ಮಾತ್ರ ಅಂದಿನಿಂದ ಊರಿನ ಯಾವ ಕಾರ್ಯಕ್ಕೂ ತಲೆ ಹಾಕದೆ, ಎಲ್ಲವನ್ನೂ ಮಕ್ಕಳಿಗೆ ಬಿಟ್ಟು, ತನ್ನ ಹಳೇ ಕರಿ ಕೋಟು ತೊಟ್ಟು ಕಟ್ಟೆಯ ಮೇಲೆ ಕೂತುಬಿಟ್ಟ.

ಸರ್ವಮಂಗಳಾ ತಿರುಗಣೆಯನ್ನು ಎರಡಕ್ಕೆ ತಂದಳು. ಈಗ ಮುಗಿದ ಕಾರ್ಯ ಮಾತ್ರ ಕಾಣುತ್ತಿತ್ತು. ಆದರೆ ಯಾವಾಗ ಮುಗಿಯಿತೋ ಆವಾಗಲೇ ಕಂಡುಬಿಡುತ್ತಿತ್ತು, ನೋಡುವವನು ತನ್ನ ಕೆಲಸದ ನಡುವೆ ಇದ್ದರೂ ಸರಿ. ಒಬ್ಬ ಗಡ್ಡ ಕೆರೆಸಲು ಕೂತಾಗ ಅವನ ಅಳಿಯ ಬರೀ ಮಾಸ್ತರನಾಗಿದ್ದ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಹೆಡ್‌ಮಾಸ್ತರನಾದ. ಮಾವ ಎದ್ದು ಬೀಗರ ಮನೆಗೆ ಓಡಿದ, ಇನ್ನೊಂದು ಕೆನ್ನೆಯ ಸೋಪಿನೊಂದಿಗೆ. ಇಂಥವು ದಿನಕ್ಕೊಂದು ಆಗತೊಡಗಿದವು.

ಮೂರಕ್ಕೆ ತಂದಳು. ಅಲ್ಲಿ, ನೀವು ಒಂದು ಕೆಲಸ ಹಿಡಿದಾಗ ಯಾವುದನ್ನು ನೋಡಿದ್ದಿರೋ ಅದು ನಿಮ್ಮ ಕೆಲಸ ಮುಗಿಯುವ ತನಕ ಬದಲಾಗದು. ಚೆನ್ನಾಗಿಯೇ ಇತ್ತು. ಆದರೆ ನೋಡಿದ್ದು ಬದಲಾಗದಿದ್ದರೂ ನೋಡದೇ ಇದ್ದದ್ದು ಹೊಸದಾಗಿ ಬಂದು ಸೇರಬಹುದಿತ್ತು. ಪೂಜಾರರ ಮನೆಯ ಬಸುರಿ ಸೊಸೆಯ ಕುಬಸದ ಊಟಕ್ಕೆ ಯಾರು ಯಾರು ಬರುತ್ತಾರೆಂದು ಅಡಿಗೆಯವನು ತಲೆಯಲ್ಲೇ ನೋಡಿಕೊಂಡು ಹೋಳಿಗೆ ತಟ್ಟಿದ್ದ. ಅಷ್ಟೂ ಜನ ಹೇಳಿದಂತೆ ಬಂದರು, ಒಬ್ಬರೂ ತಪ್ಪಲಿಲ್ಲ. ಅವರ ಪಕ್ಕದಲ್ಲಿ ಲೆಕ್ಕದಲ್ಲೇ ಇಲ್ಲದ ಒಂದು ಪೂರಾ ಪಂಕ್ತಿ ಎಲೆ ಹಾಕಿಕೊಂಡು ಕೂತಿತ್ತು. ಅಡಿಗೆಯವನು ಅವರನ್ನು ದೆವ್ವಗಳೆಂದು ಖಾತ್ರಿ ಮಾಡಿಕೊಂಡು ಅಡಿಗೆಮನೆಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿದ. ಅವರು ಬಸುರಿಯ ತವರಿನವರು. ಇವತ್ತಿಗೂ ಆ ಎರಡು ಮನೆಗಳ ನಡುವೆ ಮಾತು ಅಷ್ಟಕ್ಕಷ್ಟೆ.

ಕೊನೆಗೆ ನಾಲ್ಕು. ನಾಲ್ಕನೇ ಮಟ್ಟದಲ್ಲಿ ಊರಿನ ಕಾರ್ಯಗಳೆಲ್ಲ ಒಂದರ ಹಿಂದೆ ಒಂದು ಪಾಳಿ ಹಚ್ಚಿ ನಡೆದಂತೆ ನಡೆಯುತ್ತವೆ. ಒಂದಕ್ಕೊಂದು ತಗಲುವುದಿಲ್ಲ. ಒಬ್ಬನ ಕಾರ್ಯ ಮುಗಿಯದೆ ಅದಕ್ಕೆ ಸಂಬಂಧಪಟ್ಟ ಇನ್ನೊಬ್ಬನ ಕಾರ್ಯ ಮುಂದೆ ಹೋಗುವುದಿಲ್ಲ. ಹಾಗೆ ಕಾಯುವವನಿಗೆ ತಾನು ಕಾಯುತ್ತಿದ್ದೇನೆಂದು ತಿಳಿಯುವುದಿಲ್ಲ. ಮೂಗಿನ ಬುಡದಲ್ಲಿ ಸೀನು ಬಂದಂತಾಗಿ, ಬಾರದೆ ನಿಲ್ಲುತ್ತದೆ, ಅಷ್ಟೆ. ಒಂದು ಗಳಿಗೆ ತಲೆ ಎತ್ತಿ ನಿಂತರೆ ಆಚೆಯವನ ಕೆಲಸ ಮುಗಿದು, ಸೀನು ಬಂದು, ಬೇಕಾದದ್ದು ಗೊತ್ತಾಗುತ್ತಿತ್ತು. ಒಮ್ಮೆ ಖಾನಾವಳಿಯ ಬಾಗಿಲಲ್ಲಿ ಇಬ್ಬರು ಹಿರಿಯರು "ನೀವು ಮೊದಲ ಹೋಗ್ರಿ", "ಛೇ ಛೇ, ನೀವು" ಎನ್ನುತ್ತ ಒಬ್ಬರಿಗೊಬ್ಬರು ಕಾದು ನಿಂತು ಇಬ್ಬರಿಗೂ ಸೀನು ಸಿಕ್ಕಿಕೊಂಡಿತು. ಪೆಟ್ಟಿಗೆ ಇಬ್ಬರಲ್ಲಿ ಹಸಿವು ಕಡಿಮೆ ಇದ್ದವರನ್ನು ಆರಿಸಿ ಅವರ ಕಾರ್ಯವನ್ನು ಸುತ್ತಿಬಿಟ್ಟಿತು. ಅವರು ಇಲ್ಲಿಗೆ ಯಾಕೆ ಬಂದೆ ಎಂದು ಬೋರ್ಡು ನೋಡಿ, ತಿಳಿಯದೆ ಮನೆಗೆ ಹೋದರು. ಇನ್ನೊಬ್ಬರು ಊಟ ಮಾಡಿದರು. ಒಟ್ಟಿನಲ್ಲಿ ಊರಿಗೆ ನಾಲ್ಕನೇ ಮಟ್ಟ ಹಿಡಿಸಿತು.

ಇನ್ನೊಂದು ಮಾತು ಉಳಿಯಿತು. ಕಾರ್ಯ ಮುಗಿಯಿತೆಂದು ಪೆಟ್ಟಿಗೆಗೆ ತಿಳಿಸುವುದು ಹೇಗೆ? ತಯಾರಕರು ಹೆಬ್ಬೆರಳು ಕಿರುಬೆರಳು ಕೂಡಿಸಿ ಒತ್ತಿ ಎಂದಿದ್ದರು. ಹುಲಗಟ್ಟಿಯಲ್ಲಿ ಒಬ್ಬರೂ ಒತ್ತಲಿಲ್ಲ. ಸರ್ವಮಂಗಳಾ ಯೋಚಿಸಿದಳು. ಆ ಸೀಮೆಯಲ್ಲಿ ಲಗ್ನದ ಮಾತು ಮುಗಿದರೂ, ಮನೆ ಬಾಡಿಗೆಗೆ ಕೊಟ್ಟರೂ, ಜಗಳ ಬಗೆಹರಿದರೂ ಕೂಡಿದವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತಾರೆ. ಅಲ್ಲಿಯ ತನಕ ಎಷ್ಟು ಮಾತಾಡಿದರೂ ಅದು ಬರೀ ಮಾತು. ಅವಳು ಪೆಟ್ಟಿಗೆಗೆ ಅದನ್ನೇ ಕಲಿಸಿದಳು. ಕಾರ್ಯದಲ್ಲಿ ಮಾತಾಡಿದ ಪ್ರತಿಯೊಬ್ಬರ ನಾಲಿಗೆಗೂ ಸಕ್ಕರೆ ಮುಟ್ಟಿದರೆ ಕಾರ್ಯ ಮುಗಿದಂತೆ. ಒಂದು ಹರಳಾದರೂ ನಡೆಯುತ್ತಿತ್ತು. ಊರವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಎಲ್ಲರೂ ಕಿಸೆಯಲ್ಲಿ ಸಕ್ಕರೆ ಪುಡಿಕೆ ಇಟ್ಟುಕೊಂಡು ಓಡಾಡತೊಡಗಿದರು. ಇರುವೆಗಳಿಗೆ ಅಂಥ ಸುಭಿಕ್ಷ ಹಿಂದೆಂದೂ ಬಂದಿರಲಿಲ್ಲ.

ನಾಲ್ಕನೇ ಮಟ್ಟ ಜನರಿಗೆ ಹೇಗೆ ಒಗ್ಗಿದೆ ಎಂದು ನೋಡಲು ಸರ್ವಮಂಗಳಾ ಜುಲೈನಲ್ಲಿ ಚನ್ನವೀರನ ಹಿಟ್ಟಿನ ಗಿರಣಿಗೆ ಹೋದಳು. ನೆಪಕ್ಕೆ ಒಂದು ಡಬ್ಬಿ ಜೋಳ. ಚನ್ನವೀರ ನಲವತ್ತರ ಆಸುಪಾಸಿನವನು. ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು ಇರುತ್ತಿದ್ದುದರಿಂದ ನಿದ್ದೆಯಿಂದ ಎದ್ದು ಬಂದವನಂತೆ ಕಾಣುತ್ತಿದ್ದ.

"ನಿಮ್ಮ ಪೆಟಗಿ ಏನ ಮಾಡತೈತ್ರಿ ಮೇಡಂರ?" ಎಂದ.

"ಒಬ್ಬರ ಕೆಲಸ ಇನ್ನೊಬ್ಬರದರಾಗ ಕೂಡದಂಗ ನೋಡಕೊಂತೈತ್ರಿ."

"ಅಂದ್ರ ಮೆಣಸಿನಕಾಯಿ ಬೀಸಿದ ಮ್ಯಾಲ ಕಲ್ಲು ಝಾಡಿಸದ ಜ್ವಾಳಾ ಹಾಕಬಾರದು."

"ಬರೊಬ್ಬರಿ. ಹಾಕಿದ್ರ ರೊಟ್ಟಿ ಖಾರ ಆಗತೈತಿ."

ಚನ್ನವೀರ ಅವಳ ಡಬ್ಬಿಯ ಜೋಳವನ್ನು ಗಿರಣಿಗೆ ಸುರಿದ. "ಆಗಲಿ ಬಿಡ್ರಿ. ಪಲ್ಯಾ ಮಾಡೂದ ತಪ್ಪತು."

ಅವಳು ನಕ್ಕಳು. ಮನೆಗೆ ಬಂದು ನೋಡಿದರೆ ಡಬ್ಬಿಗೆ ಮುಚ್ಚಳ ಇರಲಿಲ್ಲ. ಮರುದಿನ ಮುಚ್ಚಳಕ್ಕೆ ಹೋದಳು. ಅವನು ಮುಚ್ಚಳದ ಜೊತೆ ಚಹಾ ಕೊಟ್ಟ. ಮುಂದಿನ ಸಲ ಮತ್ತೆ ಮುಚ್ಚಳ ಉಳಿಯಿತು. "ಮರವು ಬಾಳ್ರಿ ನನಗ," ಎಂದ. ಊರಿನ ಬೇರೆ ಯಾರ ಮುಚ್ಚಳವನ್ನೂ ಅವನು ಮರೆತದ್ದಿಲ್ಲ. ಶಾಂತವ್ವನ ಮನೆಯಲ್ಲಿ ಜೋಳದ ಹಿಟ್ಟು ಎರಡು ಮಡಕೆ ತುಂಬಿ ಮೂರನೆಯದಕ್ಕೆ ಬಿದ್ದಾಗ ಅವಳು ಮಗಳನ್ನು ಕೂಡಿಸಿಕೊಂಡು ವಿಷಯ ಏನೆಂದು ಕೇಳಿದಳು.

ದೀಪಾವಳಿ ಕಳೆದ ಮೇಲೆ ಮಾತಿಗೆ ಕೂತರು. ಆ ಕಡೆ ಚನ್ನವೀರ, ಅವನ ತಾಯಿ ಗುರುಸಿದ್ದವ್ವ. ಈ ಕಡೆ ಶಾಂತವ್ವ, ಸರ್ವಮಂಗಳಾ. ತಂದೆ ಇಲ್ಲದ ಹುಡುಗಿ, ಸೋದರಮಾವ ಬೇಕೇ ಬೇಕು ಎಂದು ಅಡಿವೆಪ್ಪನನ್ನು ಕಟ್ಟೆಯಿಂದ ಇಳಿಸಿ ಕರೆತಂದಿದ್ದರು.

"ಹುಡುಗಿಗೆ ರೊಟ್ಟಿ ಬಡಿಯಾಕ ಬರತೈತೇನು?" ಎಂದಳು ಗುರುಸಿದ್ದವ್ವ.

"ರೊಟ್ಟಿ ಬರೂದಿಲ್ಲ," ಎಂದಳು ಶಾಂತವ್ವ. "ಊರ ನಡಸಾಕ ಬರತೈತಿ."

"ನಮ್ಮವಗ ರೊಟ್ಟಿ ಬರತೈತಿ. ಮನಿ ನಡಸಾಕ ಬರೂದಿಲ್ಲ. ಇಬ್ಬರೂ ಕೂಡಿದ್ರ ಒಂದ ಸಂಸಾರ ಆಗತೈತಿ, ತಗೋ."

ಅಡಿವೆಪ್ಪ ಗಂಟಲು ಸರಿಮಾಡಿಕೊಂಡು, "ಆತು. ಇವತ್ತಿನಿಂದ ಹುಡುಗಿ ನಿಮ್ಮಾಕಿ," ಎಂದ. ಸಕ್ಕರೆ ತಟ್ಟೆ ಬಂತು. ಎಲ್ಲರ ಅಂಗೈಗೂ ಬಿತ್ತು. ಎಲ್ಲರ ಕೈಯೂ ಬಾಯಿಗೆ ಹೋಯಿತು. ಸರ್ವಮಂಗಳಾ ಅಷ್ಟು ಸಕ್ಕರೆಯನ್ನು ಒಮ್ಮೆಗೇ ಎಂದೂ ತಿಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗುಡ್ಡಕ್ಕೆ ಹೊರಟಾಗ ಒಬ್ಬರೂ ಏನೂ ಅನ್ನಲಿಲ್ಲ. ಹುಲಗಟ್ಟಿಯಲ್ಲಿ ಲಗ್ನ ನಿಕ್ಕಿಯಾದ ಹುಡುಗಿಯನ್ನು ಚುಡಾಯಿಸದೆ ಬಿಡುವುದು ಇಲ್ಲವೇ ಇಲ್ಲ. ಹೂಗಾರರ ಮುದುಕಿ ಅವಳನ್ನು ನೋಡಿ ಬಾಯಿ ತೆರೆದು, ತಲೆ ಎತ್ತಿ, ಮೂಗು ಹಿಗ್ಗಿಸಿ ಹಾಗೇ ನಿಂತುಬಿಟ್ಟಳು. ಗಿರಣಿಯ ಮುಂದೆ ಡಬ್ಬಿ ಹಿಡಿದವರ ಸಾಲು ಪೂರ್ತಿ ಮೂಗು ಮೇಲೆ ಮಾಡಿ ನಿಂತಿತ್ತು. ಕಲ್ಲು ತಿರುಗುತ್ತಿತ್ತು, ಚನ್ನವೀರ ಕೈ ಚಾಚಿ ಕೂತಿದ್ದ, ಡಬ್ಬಿ ಕೊಡುವವರಿಲ್ಲ. ಚನ್ನವೀರ ಎಂಬುವನ ಸಂಗತಿಯೇ ಒಂದು ಮುಗಿಯದ ಕಾರ್ಯದಲ್ಲಿ ಸಿಕ್ಕಿಬಿದ್ದಿರುವಾಗ ಅವನ ಗಿರಣಿ ತೆರೆದಿದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು?

ಹಿಟ್ಟಿಲ್ಲದ್ದಕ್ಕೆ ಖಾನಾವಳಿ ನಿಂತಿತು. ಖಾನಾವಳಿ ನಿಂತದ್ದಕ್ಕೆ ಬಸ್ಸಿನ ಡ್ರೈವರ್ ನಿಂತ, ಅವನ ಹಿಂದೆ ಬಸ್ಸು. ಬಸ್ಸಿನಲ್ಲಿ ಬರಬೇಕಿದ್ದ ಮಾಸ್ತರ ಬಾರದೆ ಶಾಲೆ ನಿಂತಿತು. ಅದೊಂದಕ್ಕೆ ಯಾರೂ ದೂರಲಿಲ್ಲ. ಕ್ಷೌರಿಕ ಕತ್ತಿ ಎತ್ತಿದವನು ಎತ್ತಿದಂತೆ, ಅವನ ಗಿರಾಕಿ ಕಣ್ಣು ಮುಚ್ಚಿದವನು ಮುಚ್ಚಿದಂತೆ. ಕೆಲವರು ಗುಡ್ಡಕ್ಕೆ ಹೋಗಿ ದೂರು ಕೊಡಬೇಕೆಂದು ಹೊರಟರು. ಯಾರಿಗೆ ಕೊಡಬೇಕೆಂದು ನೆನಪಿಸಿಕೊಳ್ಳಲು ಹೋದರೆ ಅವಳ ಹೆಸರೂ ಅದೇ ಕಾರ್ಯದಲ್ಲಿ ಸಿಕ್ಕಿತ್ತು. ಅವರೂ ಗುಡ್ಡದ ಬುಡದಲ್ಲಿ ಮೂಗು ಹಿಡಿದು ನಿಂತರು. ಸಕ್ಕರೆಗೆ ಕೂತಿದ್ದ ಐವರು ಮಾತ್ರ, ಕಾರ್ಯ ಅವರದೇ ಆದ್ದರಿಂದ, ಓಡಾಡಿಕೊಂಡಿದ್ದರು.

ಕೋಣೆಯಲ್ಲಿ ಅವಳ ಮೇಲಧಿಕಾರಿ ಗಲಗಲಿ ಸಾಹೇಬರು ಆಗಲೇ ಬಂದು ಕೂತಿದ್ದರು. ಧಾರವಾಡದಿಂದ ಜೀಪಿನಲ್ಲಿ ಬಂದಿದ್ದರು. ಅವರಿಗೆ ಕಾಳು ಇರಲಿಲ್ಲ. ಆ ಯಂತ್ರವನ್ನು ಮಂಜೂರು ಮಾಡಿದವರಲ್ಲಿ ಯಾರಿಗೂ ಇರಲಿಲ್ಲ.

"ಒಂದ ಕಾರ್ಯ ತೆರದ ಅದ," ಎಂದು ಪರದೆ ತೋರಿಸಿದರು. "ಹೊಸಮನಿ ಸರ್ವಮಂಗಳಾ, ಗಿರಣಿ ಚನ್ನವೀರ. ನಿಮ್ಮ ಹೆಸರಿನಾಕಿ ಯಾರು ಈ ಸರ್ವಮಂಗಳಾ?"

"ನಾನರೀ, ಸರ್."

"ಹಂಗೇನು." ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಶುರು ಆಗಿದ್ದು ಜುಲೈದಾಗ ಅಂತ ತೋರಸ್ತದಲ್ಲಾ. ಜುಲೈದಾಗ ನೀವು ಬೆನ್ನುನೋವು ಅಂತ ರಜಾ ಹಾಕಿದ್ರಿ."

ಸರ್ವಮಂಗಳಾ ಪರದೆಯನ್ನು ನೋಡಿದಳು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ. ಜೋಳದ ಡಬ್ಬಿ ಹಿಡಿದು ಒಳಗೆ ಹೋದ ಮೊದಲ ನೋಟದಿಂದಲೇ ಅದು ಎಣಿಸಿಕೊಂಡು ಬಂದಿತ್ತು. ಅಲ್ಲಿಂದ ನಿನ್ನೆಯ ತನಕ ನಡೆದದ್ದು ಬರೀ ನೋಡುವುದು, ಮತ್ತು ನೋಡುವುದಕ್ಕೆ ಪೆಟ್ಟಿಗೆ ಯಾರನ್ನೂ ತಡೆದಿರಲಿಲ್ಲ. ಸಕ್ಕರೆ ತಟ್ಟೆ ಹೊರಬಂದಾಗ ಬದಲಾಯಿಸುವುದು ಶುರುವಾಗಿ, ಅವರಿಬ್ಬರಿಗೂ ಅವರನ್ನು ಮುಟ್ಟಿದ ಎಲ್ಲಕ್ಕೂ ಬೀಗ ಬಿದ್ದಿತ್ತು. ಸಕ್ಕರೆ ಎಲ್ಲರೂ ತಿಂದರೆ ಬೀಗ ತೆಗೆಯಬೇಕಿತ್ತು. ತೆಗೆದಿರಲಿಲ್ಲ.

"ತಿರುಗಣಿ ಒಂದಕ್ಕ ತಂದ್ರ?" ಎಂದಳು. "ಅರ್ಧಾ ಆದದ್ದೂ ಆದಂಗ ಕಾಣತೈತಿ. ಜನಾ ಬಿಡಗಡಿ ಆಗತಾರ."

"ಶುರುವಾದ ಕಾರ್ಯಕ್ಕ ಶುರುವಾದಾಗಿನ ಮಟ್ಟಾನ. ನಡುವ ಬದಲಿಸಲಿಕ್ಕೆ ಬರೂದಿಲ್ಲ. ಇದನ್ನ ನನಗ ಕಲಿಸಿದವರ ನೀವು."

"ಯಾರು ಸಕ್ಕರಿ ತಿಂದಿಲ್ಲ ಅಂತ ನೋಡೂಣ್ರಿ."

"ಯಾರ ಬಾಯಾಗ ಏನ ಅದ ಅಂತ ಪೆಟಗಿ ತೋರಸಬಾರದು ಅಂತ ಕಮಿಟಿ ಠರಾವು ಮಾಡ್ಯದ. ಖಾಸಗಿ ವಿಷಯ." ಸಾಹೇಬರು ಮೇಜಿನ ಕೊನೆಯಲ್ಲಿದ್ದ, ಕಾರ್ಯ ಸುತ್ತುವ ಕೆಂಪು ಹಿಡಿಕೆಯ ಕಡೆ ನೋಡಿದರು. "ಆಸ್ಪತ್ರಿಯೊಳಗ ನರ್ಸಬಾಯಿ ಸೂಜಿ ಎತ್ತಿ ನಿಂತಾಳ. ಇಂಥಾ ಎಷ್ಟು ಅವ ಊರಾಗ, ಹೇಳ್ರಿ. ಸಂಜಿ ದೀಪಾ ಹಚ್ಚೂತನಕ ನೋಡೂಣು. ಆಮ್ಯಾಲ ಸುತ್ತಬೇಕು."

ಸುತ್ತಿದರೆ ಊರು ಉಳಿಯುತ್ತಿತ್ತು. ಹೋಗುವುದು ಜುಲೈನಿಂದ ಈಚೆಗಿನದು, ಅದೂ ಬರೀ ಐದು ತಲೆಗಳಿಂದ. ನಾಳೆ ಬೆಳಿಗ್ಗೆ ಗಿರಣಿಯಲ್ಲಿ ಒಬ್ಬ ಹಿಟ್ಟಿನ ರೆಪ್ಪೆಯವನು ಇರುತ್ತಾನೆ. ಅವನ ಹೆಸರು ಚನ್ನವೀರ ಎಂದು ಅವಳಿಗೆ ಗೊತ್ತಿರುತ್ತದೆ. ಅಷ್ಟೇ ಗೊತ್ತಿರುತ್ತದೆ.

ಅವಳು ಮನೆಗೆ ಓಡಿದಳು. ಶಾಂತವ್ವ ತಿಂದಿದ್ದಳು, ಎರಡು ಸಲ. ಗುರುಸಿದ್ದವ್ವ ತನ್ನದನ್ನು ತಿಂದು ತಟ್ಟೆಯಲ್ಲಿ ಉಳಿದದ್ದನ್ನೂ ಕಟ್ಟಿಕೊಂಡು ಹೋಗಿದ್ದಳು. ಕಟ್ಟೆಯ ಮೇಲಿನ ಅಡಿವೆಪ್ಪನನ್ನು ಕೇಳಿದಳು.

"ಮಾವಾ, ಸಕ್ಕರಿ ತಿಂದಿದ್ದಿಲ್ಲೋ?"

"ತಿನ್ನದ ಏನ ಯವ್ವಾ? ಸೋದರಮಾವ ಸಕ್ಕರಿ ಬ್ಯಾಡ ಅಂದ್ರ ಹುಡುಗನ್ನ ಬ್ಯಾಡ ಅಂದಂಗ. ಅಷ್ಟೂ ತಿಳಿಯೂದಿಲ್ಲೇನು ನನಗ?" ಎಂದು ಅಡಿವೆಪ್ಪ ಕೋಟಿನ ಗುಂಡಿ ಹಾಕಿಕೊಂಡ. "ಬಾಳ ಸಿಹಿ ಇತ್ತು."

ಸಕ್ಕರೆ ಸಿಹಿ ಇದ್ದದ್ದರಲ್ಲಿ ಸಂಶಯಪಡುವಂಥದೇನೂ ಅವಳಿಗೆ ಕಾಣಲಿಲ್ಲ.

ಗಿರಣಿಯಲ್ಲಿ ಚನ್ನವೀರ ಕಲ್ಲು ನಿಲ್ಲಿಸಿ ಕೂತಿದ್ದ. ಬಾಗಿಲ ಹೊರಗೆ ಸಾಲು ಹಾಗೇ ನಿಂತಿತ್ತು. ಒಬ್ಬನ ಡಬ್ಬಿಯಲ್ಲಿ ಗುಬ್ಬಿಯೊಂದು ಆರಾಮಾಗಿ ಜೋಳ ತಿನ್ನುತ್ತಿತ್ತು. ಅವಳು ವಿಷಯ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಅಂದ್ರ ನಾನು ನಿಮ್ಮನ್ನ ಮರತಬಿಡತೀನಿ."

"ನಾನೂ ಮರೀತೀನ್ರಿ."

"ಜಗಳಾಡಿ ಬಿಟ್ಟಿದ್ರ ಬೈಯಾಕರ ಬರತಿತ್ತು." ಚನ್ನವೀರ ಅಂಗೈಯ ಹಿಟ್ಟು ತಿಕ್ಕಿ ಉದುರಿಸಿದ. "ನಿಮ್ಮ ಪೆಟಗಿ ತಲ್ಯಾಗಿಂದ ತಗೀತೈತಿ. ಗಿರಣ್ಯಾಗಿಂದ ತಗೀತೈತೇನು?"

"ಅಂದ್ರ?"

ಅವನು ಹಲಗೆಯ ಹಿಂದೆ ಕೈಹಾಕಿ ಅವಳ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಕಳೆದ ವಾರದ್ದು. ಅಂಚಿನಲ್ಲಿ ಹೊಸಮನಿ ಎಂದು ಕೊರೆದಿತ್ತು. "ಇದು ಇಲ್ಲೇ ಇರಲಿ. ನಾಳೆ ಇದು ಯಾರದು ಅಂತ ನಾ ಕೇಳಕೋತ ಬರತೀನಿ. ಮರವು ಇರಬಹುದು, ಕಳ್ಳ ಅಲ್ಲ ನಾನು."

ಸರ್ವಮಂಗಳಾ ಮುಚ್ಚಳವನ್ನು ಅವನ ಕೈಯಲ್ಲೇ ಬಿಟ್ಟು ಹೊರಟಳು. ಮನೆಗೆ ಹೋಗಿ, ಮೂರು ಮಡಕೆ ಹಿಟ್ಟು ಇರುವಾಗಲೇ, ಮುಚ್ಚಳವಿಲ್ಲದ ಡಬ್ಬಿಗೆ ಜೋಳ ತುಂಬಿಕೊಂಡಳು. ಅದನ್ನು ಗುಡ್ಡದ ಕೋಣೆಗೆ ಹೊತ್ತೊಯ್ದು ತನ್ನ ಚಪ್ಪಲಿಯ ಪಕ್ಕದಲ್ಲಿ ಇಟ್ಟಳು. ಎಲ್ಲ ಮರೆತು ಹೊರಗೆ ಬಂದವಳಿಗೆ ಒಂದು ಡಬ್ಬಿ ಜೋಳ ಎದುರಿದ್ದರೆ ಅದನ್ನು ಬೀಸಿಸಬೇಕು ಎಂದಾದರೂ ಅನ್ನಿಸೀತು.

ಗಲಗಲಿ ಸಾಹೇಬರು ಡಬ್ಬಿ ನೋಡಿದರು, ಅವಳನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

ಹೊತ್ತು ಇಳಿಯುವಾಗ ಅಡಿವೆಪ್ಪ ಗುಡ್ಡ ಹತ್ತಿ ಬಂದ. ಏದುಸಿರು ಬಿಡುತ್ತ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ.

"ಸುತ್ತತೀರಂತ ಹೌದಾ?"

"ಹೌದು ಮಾವಾ."

"ಅದೂ..." ಎಂದ ಅಡಿವೆಪ್ಪ. ಕೋಣೆಯ ಛಾವಣಿ ನೋಡಿದ. "ಚಲೋ ಐತಿ ಖೋಲಿ. ಗಾಳಿ ಬರತೈತಿ."

"ಸರ್ವಮಂಗಳಾ," ಎಂದರು ಸಾಹೇಬರು. ಹೊರಗೆ ಗಾಳಿಯಂತ್ರಗಳ ನೆರಳು ಕೆಳಗಿನ ಊರಿನ ತನಕ ಉದ್ದವಾಗಿತ್ತು. "ಹೊತ್ತಾತು. ನೀವು ಹಿಡೀತೀರೋ, ನಾ ಹಿಡೀಲ್ಯೋ?"

"ನಾನ ಹಿಡೀತೀನ್ರಿ," ಎಂದು ಅವಳು ಹಿಡಿಕೆಯ ಮೇಲೆ ಕೈ ಇಟ್ಟಳು. ಕೊನೆಗೊಮ್ಮೆ ಡಬ್ಬಿ ತನ್ನ ಜಾಗದಲ್ಲೇ ಇದೆಯೆ ಎಂದು ಬಾಗಿಲ ಕಡೆ ನೋಡಿದಳು. ಇತ್ತು. ಅದರ ಪಕ್ಕದಲ್ಲಿ ಒಂದು ಕಪ್ಪು ಗೆರೆ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಜೋಳಕ್ಕೆ ಬಂದಿರಬೇಕು ಎಂದುಕೊಂಡಳು. ಗೆರೆ ಡಬ್ಬಿಯನ್ನು ಮೂಸಿಯೂ ನೋಡದೆ ಬಳಸಿ ಹೋಯಿತು. ಸ್ಟೂಲಿನ ಕಾಲು ಹತ್ತಿತು. ಅಡಿವೆಪ್ಪನ ಧೋತರದ ಅಂಚು ಹಿಡಿದು, ಮೊಣಕಾಲಿನ ಮೇಲಿಂದ ಕೋಟು ಏರಿ, ಎಡಗಿಸೆಯೊಳಗೆ ಇಳಿಯಿತು. ಇನ್ನೊಂದು ಗೆರೆ ಅಲ್ಲಿಂದ ಹೊರಗೆ ಬರುತ್ತಿತ್ತು. ಆ ಗೆರೆಯ ಪ್ರತಿ ಇರುವೆಯ ಬಾಯಲ್ಲೂ ಬಿಳಿಯದೊಂದು ಹರಳು ಇತ್ತು. ಇರುವೆಗಳ ಕಿವಿಯ ಹಿಂದೆ ಯಾರೂ ಕಾಳು ಕೂಡಿಸಿರಲಿಲ್ಲ. ಅವಕ್ಕೆ ನಾಲ್ಕರಲ್ಲಿ ಯಾವ ಮಟ್ಟವೂ ಇರಲಿಲ್ಲ. ಇದ್ದದ್ದು ಇದ್ದಲ್ಲಿ ಕಾಣುತ್ತಿತ್ತು.

ಸರ್ವಮಂಗಳಾ ಹಿಡಿಕೆಯಿಂದ ಕೈ ತೆಗೆದಳು.

"ಮಾವಾ, ಕಿಸೇದಾಗ ಏನೈತಿ?"

"ಏನಿಲ್ಲ."

"ಮಾವಾ."

ಅಡಿವೆಪ್ಪ ಕಿಸೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಬಿಚ್ಚಿದ. ಅರ್ಧ ಸಕ್ಕರೆ, ಅರ್ಧ ಇರುವೆ. "ಡಾಕ್ಟರು ಬ್ಯಾಡ ಅಂದಾರವ್ವಾ," ಎಂದ. "ಹಂಗಂತ ಬೀಗರ ಮುಂದ ಬ್ಯಾಡ ಅನ್ನಾಕ ಬರತೈತೇನು? ಬಾಯಿ ತನಕ ಒಯ್ದೆ. ಅಲ್ಲಿಂದ ಕೋಟಿಗೆ ಒಯ್ದೆ. ನನ್ನ ಒಬ್ಬನ ಸಕ್ಕರಿಗೆ ಊರ ನಿಂದರತೈತಿ ಅಂತ ಯಾವಂಗ ಗೊತ್ತು?"

ಗಲಗಲಿ ಸಾಹೇಬರು ಕುರ್ಚಿಯಿಂದ ಎದ್ದಿದ್ದರು.

"ಮುಂಜಾನೆ ಕೇಳಿದಾಗ ಯಾಕ ಹೇಳಲಿಲ್ಲ?" ಎಂದಳು ಸರ್ವಮಂಗಳಾ.

"ಮುಂಜಾನೆ ಹೇಳಿದ್ರ ನಿನ್ನಿ ಸುಳ್ಳಾಡಿದಂಗ ಆಗತಿತ್ತು."

"ಒಂದ ಹರಳು ಸಾಕು ಮಾವಾ. ನಾಲಿಗಿ ತುದಿಗೆ. ಒಂದ ಹರಳಿಗೆ ಏನೂ ಆಗೂದಿಲ್ಲ."

ಅಡಿವೆಪ್ಪ ಅಂಗೈಯನ್ನು ದಿಟ್ಟಿಸಿದ. "ಹಿಂದಕ ಕಟ್ಟಿಮ್ಯಾಲ ಬಿದ್ದಾಗ ನಾ ಸತ್ತದ್ದು ನನಗಿಂತ ಮೊದಲ ಊರಿಗೆ ಗೊತ್ತಾತು. ಈಗ ತಿಂದು ಏನರ ಆದ್ರ, ಮತ್ತ ಆ ಭಜನಿಯವರು ಬರತಾರೇನು?"

"ಅದು ಒಂದನೇ ಮಟ್ಟ. ಈಗ ನಾಲ್ಕನೇದು. ನೀ ಪೂರ್ತಿ ಸಾಯೂತನಕ ಒಬ್ಬರೂ ಬರೂದಿಲ್ಲ ಮಾವಾ."

"ಪೂರ್ತಿ?"

"ಪೂರ್ತಿ."

ಅಡಿವೆಪ್ಪನಿಗೆ ಅದು ನ್ಯಾಯವಾಗಿ ಕಂಡಿತು. ಒಂದು ಹರಳನ್ನು ಉಗುರಿನಿಂದ ಎತ್ತಿದ. ಅದನ್ನು ಹಿಡಿದಿದ್ದ ಇರುವೆ ಬಿಡಲಿಲ್ಲ. ಊದಿದ, ಬಿಡಲಿಲ್ಲ. ಕಣ್ಣು ಮುಚ್ಚಿ ಎರಡನ್ನೂ ಬಾಯಿಗೆ ಹಾಕಿಕೊಂಡ.

ಹುಲಗಟ್ಟಿ ಸೀನಿತು.

ಬೆಳಿಗ್ಗೆಯಿಂದ ಸಿಕ್ಕಿಕೊಂಡಿದ್ದ ಊರೆಲ್ಲರ ಸೀನು ಒಂದೇ ಗಳಿಗೆಯಲ್ಲಿ ಹೊರಬಂತು. ಕ್ಷೌರಿಕನ ಕತ್ತಿ ಕೈಜಾರಿ ಮೂಲೆಗೆ ಬಿತ್ತು. ಗಿರಾಕಿಯ ಮೂಗು ಉಳಿಯಿತು. ನರ್ಸಬಾಯಿ ಸೂಜಿ ಚುಚ್ಚಿದಳು, ರೋಗಿ ಕೂಗಿಕೊಂಡ. ಬಸ್ಸು ಹೊರಟಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದು ಸುತ್ತು ಹಿಂದಕ್ಕೆ ತಿರುಗಿದವೆಂದು ಗಲಗಲಿ ಸಾಹೇಬರು ತಮ್ಮ ವರದಿಯಲ್ಲಿ ಬರೆದರು. ಮೇಲಿನವರು ಆ ಸಾಲಿನ ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಕ್ಕೆ ಕಳಿಸಿದರು. ಸಕ್ಕರೆ ಕಾಯಿಲೆಯವರಿಗೆ ಬೇರೆ ಏರ್ಪಾಡು ಮಾಡಬೇಕೆಂಬ ಸಾಲಿಗೂ ಅದೇ ಚಿಹ್ನೆ ಬಿತ್ತು.

ಅಡಿವೆಪ್ಪ ಒಂದು ಕಣ್ಣು ತೆರೆದು, "ಆತೇನು?" ಎಂದ.

"ಆತು ಮಾವಾ."

"ಇರಿವಿ ಹುಳಿ ಇತ್ತು," ಎಂದ.

ಸರ್ವಮಂಗಳಾ ಚಪ್ಪಲಿ ಮೆಟ್ಟಿಕೊಂಡಳು. ಡಬ್ಬಿಯನ್ನು ಅಲ್ಲೇ ಬಿಡಬಹುದಿತ್ತು, ಆದರೂ ಎತ್ತಿಕೊಂಡಳು. ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಜನ ಚುಡಾಯಿಸಿದರು. ಹೂಗಾರರ ಮುದುಕಿ ಬೆಳಿಗ್ಗೆಯಿಂದ ಬಾಯಲ್ಲೇ ಉಳಿದಿದ್ದ ಮಾತನ್ನು ಕೊನೆಗೂ ಆಡಿದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಗಿರಣಿಯಲ್ಲಿ ಕಲ್ಲು ತಿರುಗುತ್ತಿತ್ತು. ಸಾಲಿನವರು ಸೀನಿದ ರಭಸಕ್ಕೆ ಹಿಟ್ಟು ಹಾರಿ, ಚನ್ನವೀರ, ತಕ್ಕಡಿ, ಗೋಡೆಯ ಕ್ಯಾಲೆಂಡರು, ಸಾಲು ಎಲ್ಲ ಬೆಳ್ಳಗಾಗಿದ್ದವು. ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳಿಗೆ ಆಗ ತಟ್ಟನೆ ಭಯವಾಯಿತು. ಲೆಕ್ಕದ ಪ್ರಕಾರ ಕಾರಣವಿರಲಿಲ್ಲ.

ಚನ್ನವೀರ ಹಲಗೆಯ ಹಿಂದಿನಿಂದ ಮುಚ್ಚಳ ತೆಗೆದು ಮೇಲೆ ಎತ್ತಿ ಹಿಡಿದ.

"ಇದು ಯಾರದ್ರಿ?" ಎಂದ.

ಅವಳು ಅವನ ಮುಖ ನೋಡಿದಳು. ಹಿಟ್ಟಿನೊಳಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಕಡೆ ಹಿಟ್ಟು ಸ್ವಲ್ಪ ಬಿರಿಯಿತು.

"ನಂದರೀ," ಎಂದಳು.

"ಪಕ್ಕಾ?"

"ಪಕ್ಕಾ. ಈಗ ಆತು."

"ಹಂಗಾರ ಪಾಳಿ ಹಚ್ಚರಿ," ಎಂದ ಚನ್ನವೀರ, ಮುಚ್ಚಳವನ್ನು ಮತ್ತೆ ಹಲಗೆಯ ಹಿಂದೆ ಇಡುತ್ತ. "ಇವರೆಲ್ಲಾ ಮುಂಜಾನಿಂದ ನಿಂತಾರ."

ಸರ್ವಮಂಗಳಾ ಡಬ್ಬಿ ಹಿಡಿದು ಸಾಲಿನ ಕೊನೆಗೆ ಹೋಗಿ ನಿಂತಳು.